ಇನ್ನೂರ ಹದಿನಾಲ್ಕು ಕಡೆ ತೀರಿಕೊಂಡ ದರ್ಜಿ

ಸತ್ತವರ ಪುಸ್ತಕ ಹೊಸದಾಗಿ ಬರುವುದು ಗ್ರಂಥಾಲಯದಲ್ಲಿ ಅಪರೂಪದ ಸಂಗತಿಯಲ್ಲ. ಲೇಖಕ ಕಣ್ಣು ಮುಚ್ಚಿದ ಮೇಲೆ ಮಕ್ಕಳು ಟ್ರಂಕು ಜಾಲಾಡಿ ಹಸ್ತಪ್ರತಿ ಹೊರತೆಗೆದು ಅಚ್ಚು ಹಾಕಿಸುತ್ತಾರೆ. ಅಂಥವಕ್ಕೆ ಬೇರೆಯೇ ಒಂದು ಟಿಪ್ಪಣಿ ಬರೆಯುವ ಕ್ರಮವೂ ಇದೆ. ಆದ್ದರಿಂದ ಆ ಗುರುವಾರ ಬೆಳಿಗ್ಗೆ, ಅಂಚೆಯಲ್ಲಿ ಬಂದ ತೆಳ್ಳನೆಯ ನೀಲಿ ಪುಸ್ತಕವನ್ನು ಕೈಗೆತ್ತಿಕೊಂಡು, ಲೇಖಕರ ಹೆಸರನ್ನು ಕಂಪ್ಯೂಟರಿನಲ್ಲಿ ಹುಡುಕಿ, ಅದರ ಮುಂದೆ ಹುಟ್ಟಿದ ವರ್ಷದ ಜೊತೆಗೆ ತೀರಿಕೊಂಡ ವರ್ಷವೂ ಇರುವುದನ್ನು ಕಂಡಾಗ ಕಾರ್ಡಕ್ಕನಿಗೆ ವಿಶೇಷವೇನೂ ಅನ್ನಿಸಲಿಲ್ಲ. 'ಮರಣಾನಂತರದ ಪ್ರಕಟಣೆ' ಎಂಬ ಟಿಪ್ಪಣಿಯನ್ನು ಬೆರಳುಗಳು ತಾವಾಗಿಯೇ ಒತ್ತಿದವು. ಪುಟ ಎಣಿಸಲೆಂದು ಮೊದಲಿನಿಂದ ತಿರುವಿದಳು. ಮೂರನೆಯ ಪುಟದಲ್ಲಿ ಮುನ್ನುಡಿ, ಅದರಡಿ ಸಹಿ, ಸಹಿಯಡಿ ತಾರೀಖು. ತಾರೀಖು ಹೋದ ತಿಂಗಳದ್ದು.

'ಈ ನಡುವೆ ಸೂಜಿಗೆ ದಾರ ಪೋಣಿಸುವ ಕೆಲಸವನ್ನು ಸೊಸೆಗೆ ಒಪ್ಪಿಸಿದ್ದೇನೆ. ಕತ್ತರಿಯನ್ನು ಮಾತ್ರ ಇನ್ನೂ ಬಿಟ್ಟುಕೊಟ್ಟಿಲ್ಲ' ಎಂದು ಮುನ್ನುಡಿ ಮುಗಿದಿತ್ತು.

ಒಂಬತ್ತು ವರ್ಷದ ಹಿಂದೆ ತೀರಿಕೊಂಡವರು ಹೋದ ತಿಂಗಳು ಸೊಸೆಯ ಕೈಗೆ ಸೂಜಿ ಕೊಟ್ಟದ್ದು ಹೇಗೆ? ಕಾರ್ಡಕ್ಕ ಕುರ್ಚಿ ಹಿಂದೆ ತಳ್ಳಿ ಎದ್ದಳು. ಎದ್ದವಳು ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಮತ್ತೆ ಕೂತಳು.

ಕಾರ್ಡಕ್ಕ ಎನ್ನುವುದು ತಂದೆತಾಯಿ ಇಟ್ಟ ಹೆಸರಲ್ಲ. ಪುಸ್ತಕಗಳ ವಿವರವನ್ನು ಅಂಗೈಯಗಲದ ಕಾರ್ಡುಗಳ ಮೇಲೆ ಬೆರಳಚ್ಚಿಸಿ, ಮರದ ಸಣ್ಣ ಖಾನೆಗಳಲ್ಲಿ ಜೋಡಿಸುತ್ತಿದ್ದ ಕಾಲದಲ್ಲಿ ಅವಳು ಈ ಗ್ರಂಥಾಲಯ ಸೇರಿದ್ದು; ಈಗ ಮೂವತ್ತೊಂದು ವರ್ಷ. ಕಾರ್ಡು ಹೋಗಿ ಕಂಪ್ಯೂಟರು ಬಂತು, ಅಡ್ಡಹೆಸರು ಮಾತ್ರ ಅಂಟಿಕೊಂಡೇ ಉಳಿಯಿತು. ಮಹಡಿಯ ಹಿಂಬದಿಯಲ್ಲಿ, ಗೋಂದಿನ ವಾಸನೆ ಬಿಡದ ಒಂದು ಕಿಟಕಿಯ ಕೋಣೆ ಅವಳದು. ಪುಸ್ತಕವೊಂದು ಬಂದರೆ ಅದನ್ನು ಬರೆದವರಾರು, ಎಷ್ಟು ಪುಟ, ಯಾವ ವಿಷಯ, ಯಾವ ಕಪಾಟು ಎಂಬುದನ್ನೆಲ್ಲ ಒಂದು ದಾಖಲೆಯಾಗಿ ಬರೆಯುವುದು ಅವಳ ಕೆಲಸ. ಅವಳು ಬರೆಯದ ಪುಸ್ತಕ ಕಪಾಟಿನಲ್ಲಿದ್ದರೂ ಇಲ್ಲದಂತೆಯೇ, ಕೇಳಿದವರಿಗೆ ಸಿಗುವುದಿಲ್ಲ. ಈ ಶಿಸ್ತು ಮನೆಯವರೆಗೂ ಹಿಂಬಾಲಿಸಿತ್ತು. ಅಡುಗೆಮನೆಯ ಡಬ್ಬಿಗಳಿಗೆಲ್ಲ ಚೀಟಿ ಅಂಟಿಸಿದ್ದನ್ನು ಕಂಡು ಅವಳ ಅತ್ತೆ ನೆರೆಯವರ ಮುಂದೆ, "ನನ್ನ ಸೊಸೆ ಎಲ್ಲಕ್ಕೂ ನಂಬರ್ ಹಾಕ್ತಾಳಮ್ಮ. ನನ್ನ ಬೆನ್ನಿಗೊಂದು ಅಂಟಿಸದಿದ್ರೆ ಸಾಕು" ಎಂದಿದ್ದಳು.

ನಾಲ್ಕು ವರ್ಷದ ಕೆಳಗೆ ಈ ದಾಖಲೆಗಳನ್ನೆಲ್ಲ ಜಗತ್ತಿಗೆ ತೆರೆದಿಡಬೇಕು, ಯಾವ ಗ್ರಂಥಾಲಯ ಬೇಕಾದರೂ ಕೇಳದೆ, ಕಾಸು ಕೊಡದೆ ನಕಲು ಮಾಡಿಕೊಳ್ಳಲಿ ಎಂಬ ಮಾತು ಬಂದಾಗ ಸಹೋದ್ಯೋಗಿಗಳೆಲ್ಲ ಹಿಂದೆಮುಂದೆ ನೋಡಿದ್ದರು. ಎದ್ದು ನಿಂತವಳು ಇವಳೊಬ್ಬಳೇ. "ಒಂದೇ ಪುಸ್ತಕಕ್ಕೆ ಇನ್ನೂರು ಊರಲ್ಲಿ ಇನ್ನೂರು ಜನ ಕೂತು ಅದೇ ಪುಟ ಎಣಿಸೋದು ಯಾವ ಬುದ್ಧಿವಂತಿಕೆ? ನಾವು ಎಣಿಸಿದ್ದನ್ನ ಅವರು ತಗೊಳ್ಳಲಿ. ನಮ್ಮ ತಪ್ಪು ಅವರ ಕಣ್ಣಿಗೆ ಬೀಳುತ್ತೆ, ಹೇಳ್ತಾರೆ, ತಿದ್ಕೋತೀವಿ" ಎಂದಿದ್ದಳು. ಮಾತು ಗೆದ್ದಿತು. ಒಂದು ಲಕ್ಷಕ್ಕೂ ಮೀರಿದ ದಾಖಲೆಗಳು ಬಾಗಿಲು ತೆರೆದ ಮನೆಯ ಮಕ್ಕಳಂತೆ ಊರೂರಿಗೆ ಹೊರಟುಹೋದವು.

ಈಗ ಅವಳು ಮೆಟ್ಟಿಲು ಇಳಿದು, ಮೆಟ್ಟಿಲಡಿಯ ಕತ್ತಲಿಗೆ ತಳ್ಳಿದ್ದ ಹಳೆಯ ಕಾರ್ಡು ಬೀರುವಿನ ಮುಂದೆ ಮಂಡಿಯೂರಿದಳು. ಖಾನೆ ಬಿಗಿಹಿಡಿದಿತ್ತು, ಎಳೆದಾಗ ಧೂಳು ಮೂಗಿಗೇ ಬಂತು. ಆ ಹೆಸರಿನಲ್ಲಿ ಅಲ್ಲಿ ಇದ್ದುದು ಎರಡು ಕಾರ್ಡು. ಒಂದು, ಉಡುಪಿನ ಚರಿತ್ರೆ ಬರೆದ ಪ್ರೊಫೆಸರರದು. ಇನ್ನೊಂದು, ಬಟ್ಟೆ ಕತ್ತರಿಸುವ ಲೆಕ್ಕಾಚಾರದ ಕೈಪಿಡಿಯದು; ಅದರಲ್ಲಿ ಹೆಸರಿನ ಮುಂದೆ ಆವರಣದೊಳಗೆ 'ದರ್ಜಿ' ಎಂದಿತ್ತು. ಅವಳಿಗಿಂತ ಮೊದಲು ಈ ಕುರ್ಚಿಯಲ್ಲಿದ್ದ, ಎಲ್ಲರೂ ಮೇಷ್ಟ್ರು ಎನ್ನುತ್ತಿದ್ದ ಹಿರಿಯರ ಬೆರಳಚ್ಚು ಅದು.

ಎಲ್ಲವೂ ಒಮ್ಮೆಗೇ ನೆನಪಾಯಿತು. ಹನ್ನೆರಡು ವರ್ಷದ ಹಿಂದೆ ಕಾರ್ಡುಗಳನ್ನು ಕಂಪ್ಯೂಟರಿಗೆ ಏರಿಸುವಾಗ ಇದೇ ಕಾರ್ಡನ್ನು ಕೈಯಲ್ಲಿ ಹಿಡಿದು ಅವಳು ಸಿಡುಕಿದ್ದಳು. ಉಳಿದ ಯಾವ ಲೇಖಕರ ಹೆಸರಿನ ಮುಂದೆಯೂ ಜಡ್ಜು, ಜಮೀನ್ದಾರ ಎಂದು ಬರೆದಿಲ್ಲ. ಸೂಜಿ ಹಿಡಿದವನಿಗೆ ಮಾತ್ರ ಈ ಗುರುತೇಕೆ? ಮೇಷ್ಟ್ರ ಕಾಲದವರ ಮೇಲುಕೀಳಿನ ಬುದ್ಧಿ ಎಂದುಕೊಂಡು ಆ ಶಬ್ದವನ್ನು ಅಳಿಸಿಬಿಟ್ಟಿದ್ದಳು. ಅಳಿಸಿದ್ದೇ ತಡ, ಪರದೆಯ ಮೇಲೆ ಒಂದೇ ಹೆಸರು ಎರಡು ಸಲ ಕಾಣಿಸಿತು. ಇಬ್ಬರದೂ ಬಟ್ಟೆಯ ವಿಷಯ. ಪ್ರೊಫೆಸರರ ಚರಿತ್ರೆಯಲ್ಲಿ ಕತ್ತರಿಸುವ ವಿಧಾನದ ಬಗ್ಗೆ ಒಂದು ಅಧ್ಯಾಯವೂ ಇತ್ತು. ಒಬ್ಬರೇ ಇರಬೇಕೆಂದು ಎರಡನ್ನೂ ಸೇರಿಸಿದಳು. ಮೂರು ವರ್ಷ ಕಳೆದು ಪ್ರೊಫೆಸರರ ನಿಧನವಾರ್ತೆಯನ್ನು ಪತ್ರಿಕೆಯಲ್ಲಿ ಓದಿ, ವಾಡಿಕೆಯಂತೆ ವರ್ಷ ನಮೂದಿಸಿದಳು. ಒಂದೇ ಏಟಿಗೆ ಇಬ್ಬರೂ ಹೋದರು. ಶಬ್ದ ಅಳಿಸಿದ ಆ ದಿನ ತನ್ನ ಬಗ್ಗೆ ತನಗೇ ಸ್ವಲ್ಪ ಹೆಮ್ಮೆಯಾಗಿತ್ತೆಂಬುದು ಅವಳಿಗೆ ಈಗ ನೆನಪಾಗಬಾರದಿತ್ತು, ಆಯಿತು.

ಮೇಲೆ ಬಂದು ಬೇರೆ ಗ್ರಂಥಾಲಯಗಳ ಪಟ್ಟಿಗಳನ್ನು ಒಂದೊಂದಾಗಿ ತೆರೆದಳು. ಎಲ್ಲ ಕಡೆಯೂ, ಇನ್ನೂರ ಹದಿನಾಲ್ಕು ಗ್ರಂಥಾಲಯಗಳಲ್ಲೂ, ದರ್ಜಿ ತೀರಿಕೊಂಡಿದ್ದರು. ತನ್ನದೇ ದಾಖಲೆ ಎನ್ನುವುದಕ್ಕೆ ಸಾಕ್ಷಿ ಬೇಕಿರಲಿಲ್ಲ. ಕೈಪಿಡಿಯ ಕೊನೆಯಲ್ಲಿ ಮಡಚಿಟ್ಟ ಒಂಬತ್ತು ನಕ್ಷೆಗಳಿದ್ದವು. ತಮ್ಮ ಪ್ರತಿಯಲ್ಲಿ ಯಾರೋ ಓದುಗ ಕೊನೆಯದನ್ನು ಹರಿದಿದ್ದರಿಂದ ಅವಳು ಒಮ್ಮೆ 'ಒಂಬತ್ತನೆಯ ನಕ್ಷೆ ಹರಿದಿದೆ' ಎಂದು ಸೇರಿಸಿದ್ದಳು. ಈಗ ನೋಡಿದರೆ ಎಲ್ಲ ಊರಿನ ಎಲ್ಲ ಪ್ರತಿಗಳಲ್ಲೂ ಒಂಬತ್ತನೆಯ ನಕ್ಷೆ ಹರಿದಿತ್ತು! ತಮ್ಮ ಕಪಾಟಿನ ಪುಸ್ತಕವನ್ನು ಬಿಡಿಸಿ ನೋಡುವ ಕಷ್ಟವನ್ನು ಒಬ್ಬರೂ ತೆಗೆದುಕೊಂಡಿರಲಿಲ್ಲ. ಅವಳಿಗೆ ನಗು ಬಂತು. ನಗು ಅರ್ಧಕ್ಕೇ ನಿಂತಿತು. ನಮ್ಮ ತಪ್ಪು ಅವರ ಕಣ್ಣಿಗೆ ಬೀಳುತ್ತೆ ಎಂದವಳು ಅವಳೇ. ಇನ್ನೂರ ಹದಿನಾಲ್ಕು ಜೊತೆ ಕಣ್ಣುಗಳು ನಕಲು ಮಾಡಿದ್ದವು, ಒಂದೂ ನೋಡಿರಲಿಲ್ಲ.

ಮುಖ್ಯ ಗ್ರಂಥಪಾಲಕರು ಸೋಮವಾರದ ಸಭೆಯ ಕಾಗದಗಳಲ್ಲಿ ಮುಳುಗಿದ್ದರು.

"ಸರ್, ಒಂದು ತಪ್ಪಾಗಿದೆ. ನನ್ನಿಂದ."

"ನಿಮ್ಮಿಂದಾನಾ? ಇವತ್ತು ಸೂರ್ಯ ಯಾವ ಕಡೆ ಹುಟ್ಟಿದ?"

ಅವಳು ವಿಷಯ ಹೇಳಿದಳು. ಅವರು ಕನ್ನಡಕ ತೆಗೆದು ಒರೆಸಿದರು.

"ಇಷ್ಟೇನಾ? ನಮ್ಮದು ತಿದ್ದಿಬಿಡಿ. ಎರಡು ನಿಮಿಷದ ಕೆಲಸ."

"ನಮ್ಮದು ತಿದ್ದಾಯ್ತು ಸರ್. ಹೊರಗೆ ಹೋಗಿರೋ ನಕಲು ಹಾಗೇ ಇರುತ್ತಲ್ಲ? ಅವರಿಗೆಲ್ಲ ಕಾಗದ ಬರೀಬೇಕು."

"ವರ್ಷಕ್ಕೊಂದು ತಿದ್ದುಪಡಿ ಪಟ್ಟಿ ಕಳಿಸ್ತೀವಲ್ಲ, ಅದಕ್ಕೆ ಸೇರಿಸಿ."

"ಅದಕ್ಕಿನ್ನೂ ಎಂಟು ತಿಂಗಳಿದೆ."

"ಒಂಬತ್ತು ವರ್ಷ ಸತ್ತಿದ್ದವರಿಗೆ ಇನ್ನೆಂಟು ತಿಂಗಳು ಭಾರಾನಾ?" ಎಂದು ನಕ್ಕ ಅವರು, ಅವಳು ನಗದಿದ್ದುದನ್ನು ಕಂಡು ದನಿ ತಗ್ಗಿಸಿದರು. "ನೋಡಿ, ಸೋಮವಾರ ಲೈಬ್ರರಿಗಳ ಒಕ್ಕೂಟದ ಸಭೆ. ಮಿಕ್ಕ ಲೈಬ್ರರಿಗಳೂ ದಾಖಲೆ ತೆರೆದಿಡಬೇಕಾ, ಇಲ್ಲಾ ಮೊದಲಿನ ಥರ ದಾಖಲೆ ಮಾರೋ ಕಂಪನಿಯಿಂದ ಕೊಂಡ್ಕೋಬೇಕಾ ಅಂತ ತೀರ್ಮಾನ. ಕಂಪನಿಯವನು ಉರಿಯೋ ಮನೇಲಿ ಗಳ ಹಿರಿಯೋಕೆ ಕಾದು ಕೂತಿದ್ದಾನೆ. ಬಿಟ್ಟಿ ಸರಕು ಕಳಪೆ ಅನ್ನೋದೇ ಅವನ ಮಂತ್ರ. ಈಗ ನಾವೇ ಹೋಗಿ ಬದುಕಿರೋರನ್ನ ಸಾಯಿಸಿದ್ದೀವಿ ಅಂದ್ರೆ? ಇದನ್ನ ಕಟ್ಟಿದವರು ನೀವು. ಸೋಮವಾರದವರೆಗೆ ಬಾಯಿಗೆ ಬೀಗ."

ಮಾತಿನಲ್ಲಿ ಹುರುಳಿಲ್ಲದೆ ಇರಲಿಲ್ಲ. ಅದೇ ಅವಳ ಸಂಕಟವಾಗಿತ್ತು.

ಆ ಸಂಜೆ ಮನೆಯಲ್ಲಿ ಅವಳು ಅಡುಗೆಗೆ ಎರಡು ಸಲ ಉಪ್ಪು ಹಾಕಿದಳು. ಬಸ್ ಡಿಪೋದಿಂದ ಬಂದ ಗಂಡ ಒಂದು ತುತ್ತು ಬಾಯಿಗಿಟ್ಟು ನೀರು ಕುಡಿದ. ಅತ್ತೆ ಹಾಗೆ ಸುಮ್ಮನಿರುವ ಪೈಕಿಯಲ್ಲ.

"ಬಂದಾಗಿಂದ ನೋಡ್ತಿದ್ದೀನಿ, ಕಾಲು ಸುಟ್ಟ ಬೆಕ್ಕಿನ ಥರ ಒಳಗೆ ಹೊರಗೆ ಓಡಾಡ್ತಿದ್ದೀಯ. ಯಾರನ್ನ ಕೊಂದು ಬಂದಿದ್ದೀಯೇ?"

"ಒಬ್ಬ ಟೈಲರ್‌ನ ಅತ್ತೆ."

ಅತ್ತೆ ಕೈಯಲ್ಲಿದ್ದ ಲೋಟ ಕೆಳಗಿಟ್ಟಳು. ಪೂರ್ತಿ ಕೇಳಿದ ಮೇಲೆ ಗಲ್ಲಕ್ಕೆ ಬೆರಳಿಟ್ಟಳು.

"ಆ ಮನುಷ್ಯನಿಗೆ ಗೊತ್ತಾ, ತಾನು ಸತ್ತಿರೋದು?"

"ಗೊತ್ತಿಲ್ಲ ಅನ್ಸುತ್ತೆ. ಗೊತ್ತಿದ್ರೆ ನಮಗೇ ಪುಸ್ತಕ ಕಳಿಸ್ತಿದ್ರಾ?"

"ಹಾಗಾದ್ರೆ ಮೊದಲು ಹೋಗಿ ಹೇಳು. ಸಾವಿನ ಸುದ್ದಿ ಮೊದಲು ಮನೆಯವರಿಗೆ ತಲುಪಬೇಕಮ್ಮ, ಆಮೇಲೆ ಊರಿಗೆ."

ಶುಕ್ರವಾರವಿಡೀ ಅವಳಿಗೆ ಒಂದು ಕಡೆ ಕೂರಲಾಗಲಿಲ್ಲ. ಒಂದೇ ಹೆಸರಿನವರು ಸಿಕ್ಕಿದಲ್ಲೆಲ್ಲ ಅನುಮಾನ ಮೂಡಿ, ಏಣಿ ಹತ್ತಿ ಪುಸ್ತಕ ಇಳಿಸಿ ಬೆನ್ನುಡಿ ಓದಿದಳು. ಕವಿ ಮತ್ತು ಪಶುವೈದ್ಯ ಒಬ್ಬನೇ ಹೌದೋ ಅಲ್ಲವೋ? ಪ್ರವಾಸಕಥನದವಳೂ ಗಣಿತದವಳೂ? ಮಧ್ಯಾಹ್ನದ ಹೊತ್ತಿಗೆ ಮೇಜಿನ ಮೇಲೆ ನಲವತ್ತು ಪುಸ್ತಕಗಳು. ಕೌಂಟರಿನ ಗುಮಾಸ್ತ ಇಣುಕಿ, "ಏನಕ್ಕ, ಇವರನ್ನೆಲ್ಲಾ ಎಬ್ಬಿಸಿ ವಿಚಾರಣೆ ಮಾಡ್ತಿದ್ದೀರಾ?" ಎಂದ. ಅವಳು ಮುಂದಿನ ಪುಸ್ತಕ ಬಿಡಿಸಿದಳು. ಮೂವತ್ತೊಂದು ವರ್ಷ ಕಣ್ಣುಮುಚ್ಚಿ ನಡೆದಾಡಿದ ನೆಲದ ಹಲಗೆಗಳು ಈಗ ಒಂದೊಂದೂ ಅಲುಗಿದಂತಾಗುತ್ತಿತ್ತು.

ಶನಿವಾರ ಅರ್ಧ ದಿನದ ಕೆಲಸ ಮುಗಿಸಿ, ಪುಸ್ತಕದ ಹಿಂದೆ ಅಚ್ಚಾಗಿದ್ದ ವಿಳಾಸ ಹಿಡಿದು ಎರಡು ಬಸ್ಸು ಬದಲಿಸಿ ಹೋದಳು. ಸೈಕಲ್ ರಿಪೇರಿ ಅಂಗಡಿಯ ಮೇಲೆ ಒಂದೇ ಕೋಣೆಯ ಹೊಲಿಗೆಯಂಗಡಿ. ಗೋಡೆಯ ಮೊಳೆಗಳಿಗೆ ಕಾಗದದ ಅಚ್ಚುಗಳನ್ನು ನೇತುಹಾಕಿದ್ದರು: ತೋಳುಗಳು, ಕಾಲರುಗಳು, ಬೆನ್ನುಗಳು, ಗಾಳಿ ಬಂದಾಗ ಅವು ಪರಪರ ಸದ್ದು ಮಾಡುತ್ತಿದ್ದವು. ಮಿಷನ್ನಿನ ಮುಂದೆ ನಡುವಯಸ್ಸಿನ ಹೆಂಗಸು. ಕಿಟಕಿಯ ಬೆಳಕಿಗೆ ಒತ್ತಿ ಹಾಕಿದ ಉದ್ದನೆಯ ಮೇಜಿನ ಬಳಿ, ಬಟ್ಟೆಗೆ ಮೂಗು ತಾಗುವಷ್ಟು ಬಗ್ಗಿ ಸೀಮೆಸುಣ್ಣದ ಗೆರೆ ಎಳೆಯುತ್ತಿದ್ದ ಮುದುಕರು.

"ಅಳತೆ ಕೊಡೋದಾದ್ರೆ ಸ್ವಲ್ಪ ಕೂತ್ಕೊಳ್ಳಿ, ಈ ತೋಳೊಂದು ಮುಗಿಸಿಬಿಡ್ತೀನಿ" ಎಂದಳು ಸೊಸೆ.

"ಅಳತೆಗಲ್ಲ. ನಾನು ಲೈಬ್ರರಿಯಿಂದ ಬಂದಿದ್ದೀನಿ. ಪುಸ್ತಕ ಕಳಿಸಿದ್ರಲ್ಲ…"

"ಮುಟ್ತಾ?" ಮುದುಕರ ಮುಖ ಬಿಚ್ಚಿಕೊಂಡಿತು. "ನೋಡಮ್ಮ, ನಾನು ಹೇಳ್ಲಿಲ್ವಾ, ಯಾರಾದ್ರೂ ಓದ್ತಾರೆ ಅಂತ! ಆ ಸ್ಟೂಲ್ ಕೊಡು ಅವರಿಗೆ."

ಬಸ್ಸಿನಲ್ಲಿ ಕೂತು ಜೋಡಿಸಿಕೊಂಡಿದ್ದ ಮಾತುಗಳೆಲ್ಲ ಕಾರ್ಡಕ್ಕನ ನಾಲಿಗೆಯಿಂದ ಜಾರಿದವು. ಹೊರಬಂದದ್ದು ಒಂದೇ ವಾಕ್ಯ. "ನಮ್ಮ ದಾಖಲೆಯಲ್ಲಿ ನೀವು ತೀರಿಕೊಂಡಿದ್ದೀರಿ."

ಮಿಷನ್ ನಿಂತಿತು.

"ಯಾವಾಗ?" ಎಂದರು ಮುದುಕರು.

"ಒಂಬತ್ತು ವರ್ಷ ಆಯ್ತು."

"ಏನಾಗಿತ್ತಂತೆ?"

ಮುದುಕರು ಕೆಮ್ಮು ಬರುವವರೆಗೆ ನಕ್ಕರು. ಕಾರ್ಡಕ್ಕ ಪ್ರೊಫೆಸರರ ವಿಷಯ, ಎರಡು ಕಾರ್ಡಿನ ವಿಷಯ, ತಾನು ಅಳಿಸಿದ ಶಬ್ದ, ಎಲ್ಲವನ್ನೂ ಹೇಳುತ್ತಾ ಹೋದಂತೆ ಆ ನಗು ಸಣ್ಣದಾಗುತ್ತಾ ಬಂತು.

"ದರ್ಜಿ ಅಂತ ಬರೆಸಿದ್ದು ನಾನೇ ಕಣಮ್ಮ" ಎಂದರು. "ನಿಮ್ಮ ಮೇಷ್ಟ್ರು ಬೇಡ ಅಂದ್ರು, ಚೆನ್ನಾಗಿರಲ್ಲ ಅಂದ್ರು. ನಾನು ಬಿಡಲಿಲ್ಲ. ಅದೇ ಹೆಸರಿನ ಪ್ರೊಫೆಸರೊಬ್ಬರಿದ್ದಾರೆ, ನನ್ನ ಪುಸ್ತಕ ಅವರ ಲೆಕ್ಕಕ್ಕೆ ಹೋಗುತ್ತೆ, ಬಟ್ಟೆ ಕತ್ತರಿಸಿದವನು ನಾನು ಅಂತ ಜಗಳ ಆಡಿ ಹಾಕಿಸಿದ್ದೆ."

ಕಾರ್ಡಕ್ಕನ ಕಿವಿ ಬಿಸಿಯಾಯಿತು. ಮೇಷ್ಟ್ರ ಮೇಲುಕೀಳು ಎಂದುಕೊಂಡದ್ದು ಈ ಮನುಷ್ಯನ ಹಕ್ಕಾಗಿತ್ತು. ಅವಳು ತೀರಾ ಸುಸಂಸ್ಕೃತಳಾಗಿ ಅದನ್ನು ಕಿತ್ತುಕೊಂಡಿದ್ದಳು.

"ಎಷ್ಟು ಕಡೆ ಹೋಗಿದೆ ಇದು?" ಕೇಳಿದ್ದು ಸೊಸೆ.

"ಇನ್ನೂರ ಹದಿನಾಲ್ಕು ಲೈಬ್ರರಿ. ನಾಲ್ಕು ವರ್ಷದಿಂದ."

"ನಾಲ್ಕು ವರ್ಷ!" ಸೊಸೆ ಎದ್ದೇಬಿಟ್ಟಳು. "ಕೇಳಿಸ್ತಾ ಮಾವ? ಅದಕ್ಕೇ ನೋಡಿ ಕಾಗದ ನಿಂತಿದ್ದು! ಮೇಡಂ, ಇವರಿಗೆ ತಿಂಗಳಿಗೆ ನಾಲ್ಕೈದು ಕಾಗದ ಬರ್ತಿತ್ತು. ಯಾವ್ಯಾವ ಊರಿಂದಾನೋ. ಕಂಕುಳ ಹತ್ರ ಹಿಡೀತಿದೆ ಏನ್ಮಾಡೋದು, ಗೂನು ಬೆನ್ನಿನವರಿಗೆ ಹೇಗೆ ಕತ್ತರಿಸೋದು ಅಂತ. ಇವರು ಕೂತು ನಕ್ಷೆ ಬರೆದು ಉತ್ತರ ಹಾಕ್ತಿದ್ರು. ಒಂದೊಂದೇ ಕಮ್ಮಿ ಆಗಿ ನಿಂತೇ ಹೋಯ್ತು. ಪೋಸ್ಟಿನವನ ದಾರಿ ಕಾಯ್ತಾ ಕೂತಿರೋರು. ನಾನೇನೋ ಈಗ ಯಾರು ಹೊಲಿಗೆ ಕಲೀತಾರೆ, ಎಲ್ಲಾ ರೆಡಿಮೇಡು ಅಂತ ಸಮಾಧಾನ ಹೇಳ್ತಿದ್ದೆ. ಸತ್ತೋರಿಗೆ ಯಾರು ಕಾಗದ ಬರೀತಾರೆ!"

"ಇರ್ಲಿ ಬಿಡಮ್ಮ."

"ಯಾಕೆ ಬಿಡ್ಲಿ? ನಾನು ಒಂದು ಗುಂಡಿ ತಪ್ಪಿ ಹೊಲಿದ್ರೆ ಗಿರಾಕಿ ಬಾಗಿಲಲ್ಲಿ ನಿಂತು ಕೂಗ್ತಾನೆ. ಇವರು ಮನುಷ್ಯನ್ನೇ ಹೊಲಿದು ಮುಚ್ಚಿದ್ದಾರೆ, ಕೂಗಬಾರದಾ?"

ಕಾರ್ಡಕ್ಕ ಕ್ಷಮಿಸಿ ಎನ್ನಲು ಬಾಯಿ ತೆರೆದಾಗ ಮುದುಕರು ಕೈಯೆತ್ತಿ ತಡೆದರು.

"ಅದು ಆಮೇಲೆ ಕೇಳಿ. ನನಗೆ ಹೊತ್ತಿಲ್ಲ. ಡಾಕ್ಟರು ಕಣ್ಣು ಇನ್ನೊಂದು ಆರು ತಿಂಗಳು ಅಂದಿದ್ದಾರೆ. ಹಳೇ ಪುಸ್ತಕದಲ್ಲಿ ತೋಳಿನ ಲೆಕ್ಕ ಒಂದು ಕಡೆ ತಪ್ಪಿತ್ತು; ಓದಿದೋರೇ ಬರೆದು ತಿಳಿಸಿದ್ರು. ಅದನ್ನ ಸರಿ ಮಾಡೋಕೇ ಈ ಹೊಸ ಪುಸ್ತಕ ಮಾಡಿಸಿದ್ದು. ಇದು ಸರಿಯಿದ್ಯಾ ಅಂತ ಅವರು ಹೇಳಬೇಕು, ನಾನು ಓದ್ಕೋಬೇಕು. ನಾನೇ ಓದ್ಕೋಬೇಕು. ನೀವು ಎಷ್ಟು ದಿನದಲ್ಲಿ ಬಿಚ್ತೀರಿ ಇದನ್ನ?"

ಅವಳು ಎಂಟು ತಿಂಗಳ ಮಾತೆತ್ತಲಿಲ್ಲ. "ಸೋಮವಾರದಿಂದ ಶುರು ಮಾಡ್ತೀನಿ" ಎಂದಳು. ವಾಪಸು ಬರುವ ಬಸ್ಸಿನಲ್ಲಿ ಸೀಟುಗಳು ಖಾಲಿಯಿದ್ದವು. ಅವಳು ಕಂಬ ಹಿಡಿದು ನಿಂತೇ ಬಂದಳು.

ಸೋಮವಾರದ ಸಭೆಯಲ್ಲಿ ನಲವತ್ತು ಗ್ರಂಥಾಲಯಗಳ ಪ್ರತಿನಿಧಿಗಳಿದ್ದರು. ಮುಖ್ಯ ಗ್ರಂಥಪಾಲಕರು ಅಂಕಿಅಂಶ ಓದಿದರು, ಚಪ್ಪಾಳೆ ಬಿತ್ತು. ಅನಂತರ ಕಂಪನಿಯ ಪ್ರತಿನಿಧಿ ಎದ್ದ. ನುಣುಪಾದ ಮಾತಿನವನು. ಗೋಡೆಯ ಪರದೆಯ ಮೇಲೆ ತಮ್ಮ ಪಟ್ಟಿಯನ್ನು ತೆರೆದು, "ಉಚಿತವಾಗಿ ಬಂದದ್ದಕ್ಕೆ ಹೊಣೆಗಾರರು ಯಾರು ಹೇಳಿ? ನಮ್ಮದು ಹಾಗಲ್ಲ. ಪ್ರತಿಯೊಂದು ದಾಖಲೆಯನ್ನೂ ತಜ್ಞರು ಪರೀಕ್ಷಿಸಿರುತ್ತಾರೆ. ಯಾವ ಹೆಸರು ಬೇಕಾದರೂ ಕೇಳಿ, ಹುಡುಕಿ ತೋರಿಸ್ತೀನಿ" ಎಂದ.

ಕಾರ್ಡಕ್ಕನ ಅಂಗಾಲು ಅಷ್ಟು ಹೊತ್ತೂ ನೆಲ ತಟ್ಟುತ್ತಿತ್ತು. ಅವಳು ಎದ್ದಳು. ಮುಖ್ಯಸ್ಥರ ಕಣ್ಣುಗಳು ಬೇಡವೆಂದು ಬೇಡಿದವು.

"ಮೊದಲು ನಮ್ಮದೊಂದು ತಪ್ಪು ಹೇಳ್ಬೇಕು" ಎಂದು, ಕಾರ್ಡು ತಿದ್ದಿದ ದಿನದಿಂದ ಶನಿವಾರದ ಸ್ಟೂಲಿನವರೆಗೆ ಹೇಳಿದಳು. ಸಭೆಯಲ್ಲಿ ಗುಜುಗುಜು ಎದ್ದಿತು. ಕಂಪನಿಯವನ ಮುಖದಲ್ಲಿ ಹಬ್ಬ.

"ನೋಡಿ, ನಾನು ಹೇಳಿದ್ದು ಇದನ್ನೇ" ಎಂದ ಅವನು.

"ಹಾಗಾದ್ರೆ ಆ ಹೆಸರನ್ನ ನಿಮ್ಮ ಪಟ್ಟಿಯಲ್ಲಿ ಹುಡುಕಿ ಸರ್. ನಮಗೂ ಸರಿಯಾದ್ದು ಗೊತ್ತಾಗಲಿ."

ಅವಳು ಅದನ್ನು ಕೊಂಕಿಗಾಗಿ ಕೇಳಲಿಲ್ಲ. ಸರಿಯಾದ ದಾಖಲೆ ಎಲ್ಲಾದರೂ ಇದ್ದರೆ ನೋಡಬೇಕೆಂಬ ಆಸೆ ನಿಜವಾಗಿಯೂ ಇತ್ತು. ಅವನು ಹೆಸರು ಒತ್ತಿದ. ಪರದೆಯ ಮೇಲೆ ದರ್ಜಿಯವರು ಒಂಬತ್ತು ವರ್ಷದ ಹಿಂದೆ ತೀರಿಕೊಂಡಿದ್ದರು. ಅದರ ಕೆಳಗೆ, ಎಲ್ಲರೂ ಓದುವಷ್ಟು ದೊಡ್ಡ ಅಕ್ಷರದಲ್ಲಿ, ಒಂಬತ್ತನೆಯ ನಕ್ಷೆ ಹರಿದಿತ್ತು.

"ಅದು ನಮ್ಮ ಪುಸ್ತಕ!" ಎಂದಳು ಅವಳು, ಕಳೆದುಹೋದ ಕೊಡೆಯನ್ನು ಬೇರೆಯವರ ಕೈಯಲ್ಲಿ ಕಂಡವಳ ಹಾಗೆ. ಸಭೆ ಘೊಳ್ಳೆಂದು ನಕ್ಕಿತು. ಅವಳು ನಗಲಿಲ್ಲ. "ತಗೊಂಡಿದ್ದಕ್ಕೆ ಬೇಜಾರಿಲ್ಲ ಸರ್, ತಗೊಳ್ಳಲಿ ಅಂತಾನೇ ಇಟ್ಟಿದ್ದು. ಆದರೆ ಎಲ್ಲಿಂದ ತಂದಿದ್ದು ಅನ್ನೋ ಸಾಲನ್ನ ಅಳಿಸಿದ್ದೀರಿ. ಈ ಇನ್ನೂರ ಹದಿನಾಲ್ಕು ಜನ ಆ ಸಾಲು ಉಳಿಸ್ಕೊಂಡಿದ್ದಾರೆ, ಅದಕ್ಕೇ ನನಗೆ ಯಾರಿಗೆ ಬರೀಬೇಕು ಅಂತ ಗೊತ್ತು. ನಿಮ್ಮಿಂದ ಕೊಂಡವರು ಎಷ್ಟು ಜನ? ಅವರಿಗೆ ನಾನು ಹೇಗೆ ಹೇಳ್ಲಿ? ತಪ್ಪು ನನ್ನದೇ. ನಕಲು ಮಾಡಿದವರು ಯಾರೂ ಪುಸ್ತಕ ಬಿಡಿಸಿ ನೋಡಲಿಲ್ಲ, ಅದೂ ನಿಜ. ಈಗ ಮೊದಲು ಅವರನ್ನ ಬದುಕಿಸಿ, ತೀರ್ಮಾನ ಆಮೇಲೆ ಮಾಡ್ಕೊಳ್ಳಿ."

ಸಿನಿಮಾದಲ್ಲಾಗಿದ್ದರೆ ಅಲ್ಲಿಗೆ ಗೆಲುವು ಸಿಗುತ್ತಿತ್ತು. ಒಕ್ಕೂಟ ಹಾಗೆ ಮಾಡುವಂಥದ್ದಲ್ಲ. ಒಂದು ಉಪಸಮಿತಿ ರಚಿಸಿ ತೀರ್ಮಾನವನ್ನು ಮುಂದೂಡಿತು. ಮುಖ್ಯಸ್ಥರು ಎರಡು ದಿನ ಅವಳ ನಮಸ್ಕಾರಕ್ಕೆ ತಿರುಗಿ ನಮಸ್ಕರಿಸಲಿಲ್ಲ. ಮೂರನೆಯ ದಿನ ಲಿಖಿತ ವಿವರಣೆ ಕೇಳಿದರು. ಇನ್ನು ಆರು ತಿಂಗಳು ಅವಳ ಪ್ರತಿ ದಾಖಲೆಯನ್ನೂ ಕೌಂಟರಿನ ಗುಮಾಸ್ತ ನೋಡಿ ಸಹಿ ಮಾಡಿದ ಮೇಲೆಯೇ ಹೊರಗೆ ಬಿಡಬೇಕೆಂದು ಆದೇಶಿಸಿದರು. "ಅಕ್ಕ, ನನಗೆ ಇದರ ತಲೆಬುಡ ಗೊತ್ತಿಲ್ಲ, ಎಲ್ಲಿ ಸಹಿ ಹಾಕ್ಲಿ ಹೇಳಿ" ಎಂದು ಗುಮಾಸ್ತ ದಿನಾ ಬೆಳಿಗ್ಗೆ ಬರುತ್ತಿದ್ದ. ಅವಳು ಬಿಡುತ್ತಿರಲಿಲ್ಲ. "ಓದಿ. ಪುಸ್ತಕ ಬಿಡಿಸಿ ನೋಡಿ. ಆಮೇಲೆ ಹಾಕಿ" ಎನ್ನುತ್ತಿದ್ದಳು. ಮೊದಲ ವಾರದಲ್ಲೇ ಅವನು ಎರಡು ತಪ್ಪು ಹಿಡಿದ. ಹಿಡಿದವನು ಹಿಗ್ಗಿದ, ಅವಳು ನಿದ್ದೆಗೆಟ್ಟಳು.

ಕಾಗದಗಳು ಮಾತ್ರ ಸೋಮವಾರವೇ ಹೊರಟಿದ್ದವು. ಇನ್ನೂರ ಹದಿನಾಲ್ಕು, ಒಂದೊಂದರಲ್ಲೂ ಅವಳ ಹೆಸರು, ಅವಳ ತಪ್ಪು, ದರ್ಜಿಯವರ ವಿಳಾಸ. ತೊಂಬತ್ತು ಕಡೆಯವರು ವಾರದೊಳಗೆ ತಿದ್ದಿದರು. ಕೆಲವರು ತಮ್ಮ ಒಂಬತ್ತನೆಯ ನಕ್ಷೆ ಸುಖವಾಗಿದೆ ಎಂದು ಬರೆದರು. ಒಬ್ಬರು, ಅವಳ ದಾಖಲೆಗಳಲ್ಲಿ ಇನ್ನೂ ಏಳು ಕಡೆ ಹೀಗೇ ಇಬ್ಬರು ಒಬ್ಬರಾಗಿದ್ದಾರೆಂದು ಪಟ್ಟಿಯನ್ನೇ ಕಳಿಸಿದರು. ಕೊನೆಗೂ ಯಾರೋ ಕಣ್ಣಿಟ್ಟು ನೋಡಿದ್ದರು. ಮಿಕ್ಕವರಿಂದ ಸದ್ದಿಲ್ಲ. ಅವಳು ಫೋನು ಹಿಡಿದಳು. ಮಧ್ಯಾಹ್ನದ ಊಟದ ವೇಳೆಯನ್ನು ಅದಕ್ಕೇ ಮೀಸಲಿಟ್ಟಳು. ಡಬ್ಬಿ ಒಂದು ಕಡೆ, ನಂಬರುಗಳ ಹಾಳೆ ಒಂದು ಕಡೆ.

ಮೂರನೆಯ ವಾರ ದರ್ಜಿಯವರ ಸೊಸೆಯ ಫೋನು ಬಂತು. "ಒಂದು ಕಾಗದ ಬಂತು ಮೇಡಂ. ಬೈದು ಬರೆದಿದ್ದಾರೆ. ಹೊಸ ಪುಸ್ತಕದ ಕಾಲರ್ ಲೆಕ್ಕ ಸರಿಯಿಲ್ವಂತೆ. ಮಾವ ಬೆಳಿಗ್ಗೆಯಿಂದ ಅದನ್ನ ಮೂಗಿಗೆ ಹಿಡ್ಕೊಂಡು ಓದ್ತಾ ಕೂತಿದ್ದಾರೆ, ಕರೆದ್ರೂ ಊಟಕ್ಕೆ ಬರ್ತಿಲ್ಲ." ದನಿಯಲ್ಲಿ ಸಿಟ್ಟು ಇನ್ನೂ ಪೂರ್ತಿ ಇಳಿದಿರಲಿಲ್ಲ. "ಒಂದೇ ಬಂದಿರೋದು. ನೀವು ನಿಲ್ಲಿಸಬೇಡಿ."

ಅಂದೇ ಮಧ್ಯಾಹ್ನ ದೂರದ ಊರೊಂದರ ಗ್ರಂಥಾಲಯಕ್ಕೆ ಕರೆ ಮಾಡಿದಳು. ಅತ್ತ ಕಡೆ ನಿಯಮಗಳನ್ನು ಅರೆದು ಕುಡಿದಂತಿದ್ದ ಒಬ್ಬ ಗಂಡಸು.

"ಕಾಗದ ನೋಡಿದ್ದೀನಿ ಮೇಡಂ. ಆದ್ರೆ ಹಾಗೆಲ್ಲ ಬದಲಾಯಿಸೋಕೆ ಆಗಲ್ಲ. ಸತ್ತಿದ್ದಾರೆ ಅನ್ನೋದಕ್ಕೆ ಪತ್ರಿಕೆಯ ಆಧಾರ ಇದೆ. ಬದುಕಿದ್ದಾರೆ ಅನ್ನೋದಕ್ಕೆ ನಿಮ್ಮ ಆಧಾರ ಏನು?"

"ಆ ಪತ್ರಿಕೆ ಇನ್ನೊಬ್ಬರ ಬಗ್ಗೆ. ಇವರ ಹೊಸ ಪುಸ್ತಕ ಬಂದಿದೆ, ಮುನ್ನುಡಿ ಇದೆ."

"ಮುನ್ನುಡೀನ ಯಾರು ಬೇಕಾದ್ರೂ ಬರೆದು ತಾರೀಖು ಹಾಕಬಹುದು."

ಅವಳಿಗೆ ಸಿಟ್ಟು ಬರಬೇಕಿತ್ತು. ಬದಲಿಗೆ, ಒಂಬತ್ತು ವರ್ಷದ ಹಿಂದೆ ಇಂಥವನೊಬ್ಬ ಪಕ್ಕದ ಕುರ್ಚಿಯಲ್ಲಿದ್ದಿದ್ದರೆ ಎಂದುಕೊಂಡಳು.

"ನಾನೇ ಹೋಗಿ ನೋಡ್ಕೊಂಡು ಬಂದೆ" ಎಂದಳು.

"ಅಂದ್ರೆ?"

"ಅವರ ಅಂಗಡಿಯಲ್ಲಿ ಸ್ಟೂಲ್ ಮೇಲೆ ಕೂತು ಒಂದು ಗಂಟೆ ಮಾತಾಡಿದ್ದೀನಿ. ಬೈಸ್ಕೊಂಡೂ ಬಂದಿದ್ದೀನಿ. ಬರ್ಕೊಳ್ಳಿ."

ಅತ್ತ ಕೀಲಿಗಳ ಸದ್ದು ಕೇಳಿಸಿತು, ನಿಂತಿತು. "ಆಧಾರದ ಜಾಗದಲ್ಲಿ ಏನಂತ ಹಾಕ್ಲಿ? ಇದಕ್ಕೆ ನಿಯಮದಲ್ಲಿ ಪದ ಇಲ್ಲ."

"ದಾಖಲೆ ಬರೆದವಳು ಲೇಖಕರನ್ನ ಖುದ್ದಾಗಿ ಕಂಡಿದ್ದಾಳೆ ಅಂತ ಹಾಕಿ. ತಾರೀಖು ಹೇಳ್ತೀನಿ."

ಹೇಳಿದಳು. ಅವನು ಒಂದೊಂದೇ ಅಕ್ಷರ ಓದಿ ಖಚಿತಪಡಿಸಿಕೊಂಡ. "ಹೆಸರಿನ ಮುಂದೆ ದರ್ಜಿ ಅಂತ ಹಾಕಿದ್ರಲ್ಲ, ಅದು ಬೇಕೇ ಬೇಕಾ?"

"ಅದು ಬೇಕೇ ಬೇಕು."

ಫೋನಿಟ್ಟು ಹಾಳೆಯಲ್ಲಿ ಆ ಸಾಲಿಗೆ ಗೀಟು ಎಳೆದಳು. ಇನ್ನೂ ಎಪ್ಪತ್ತೆಂಟು ಉಳಿದಿದ್ದವು. ಊಟದ ಡಬ್ಬಿ ಮುಚ್ಚಿದಂತೆಯೇ ಇತ್ತು. ಬಿಡುವು ಮುಗಿಯಲು ಹತ್ತು ನಿಮಿಷ. ಕಾರ್ಡಕ್ಕ ಮುಂದಿನ ನಂಬರು ಒತ್ತಿ, ಎದ್ದು ನಿಂತು, ಅತ್ತ ಕಡೆ ಯಾರಾದರೂ ಎತ್ತುವುದನ್ನೇ ಕಾಯುತ್ತ ಕಿಟಕಿಯಿಂದ ಬಾಗಿಲಿಗೆ, ಬಾಗಿಲಿನಿಂದ ಕಿಟಕಿಗೆ ನಡೆಯತೊಡಗಿದಳು.